ಎಪ್ಪತ್ತೆಂಟನೆಯ ಅಕ್ಷಾಂಶದಲ್ಲಿ ಸಂಸಾರ

ಮೇರುವಿನ ಮೇಲೆ ವಾಸಿಸುವ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ನಮ್ಮ ಪ್ರಾಚೀನ ಜ್ಯೋತಿಶ್ಶಾಸ್ತ್ರಗ್ರಂಥವಾದ ಸೂರ್ಯಸಿದ್ಧಾಂತವು ಹೇಳುತ್ತದೆ. ಅದನ್ನು ಬರೆದವರು ಧ್ರುವಪ್ರದೇಶವನ್ನು ಕಣ್ಣಾರೆ ಕಂಡವರಲ್ಲ. ಭೂಮಿ ಗೋಲಾಕಾರವೆಂಬ ತಿಳಿವಳಿಕೆಯಿಂದಲೂ ಗಣಿತದ ಬಲದಿಂದಲೂ ಅವರು ಈ ನಿರ್ಣಯಕ್ಕೆ ಬಂದರು. ದೇವತೆಗಳ ಮಾತು ಹಾಗಿರಲಿ. ಮನುಷ್ಯರೇ ಇಂತಹ ಹಗಲಿರುಳುಗಳ ನಡುವೆ ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಂಗಡಿಯಿಂದ ಹಾಲು ತಂದು ಬಾಳುತ್ತಿರುವ ಊರೊಂದು ಭೂಮಿಯ ಮೇಲಿದೆ. ಅದರ ಹೆಸರು ಲಾಂಗಿಯರ್‌ಬ್ಯೆನ್. ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಉತ್ತರ ಅಕ್ಷಾಂಶ ೭೮ ಡಿಗ್ರಿ ೧೩ ಮಿನಿಟಿನಲ್ಲಿ ಅದು ನೆಲಸಿದೆ. ಅಲ್ಲಿನ ಜನಸಂಖ್ಯೆ ಸುಮಾರು ೨,೫೦೦. ನಮ್ಮ ಕಡೆಯ ಒಂದು ಸಾಧಾರಣ ಹಳ್ಳಿಯಷ್ಟು.

ಇಂತಹ ಊರಿಗೆ ಹೋಗಿ ನೆಲಸಬೇಕೆಂದು ಒಬ್ಬನು ಬಯಸಿದರೆ ಅವನು ಏನನ್ನು ಎದುರಿಸಬೇಕಾಗುತ್ತದೆ? ಕೇವಲ ಚಳಿಯನ್ನು ಎಂದು ಉತ್ತರ ಕೊಡುವವರೇ ಹೆಚ್ಚು. ಆದರೆ ಚಳಿಗೆ ಉಡುಪಿದೆ. ಬೆಳಕಿನ ಏರ್ಪಾಡು, ಮನೆಯ ಅಡಿಪಾಯ, ಕುಡಿಯುವ ನೀರು, ಹೆರಿಗೆ, ಸಮಾಧಿ ಮುಂತಾಗಿ ನಮ್ಮ ಊರುಗಳಲ್ಲಿ ನಾವು ಯೋಚಿಸುವ ಅಗತ್ಯವೇ ಇಲ್ಲದ ಪ್ರತಿಯೊಂದು ವಿಷಯವೂ ಅಲ್ಲಿ ಭೌತವಿಜ್ಞಾನದ ಒಂದು ಸಮಸ್ಯೆಯಾಗಿ ನಿಲ್ಲುತ್ತದೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ವಿಚಾರಿಸೋಣ.

ಊರಿನ ಹುಟ್ಟು

ಸ್ವಾಲ್‌ಬಾರ್ಡಿನ ವಿಸ್ತೀರ್ಣ ಸುಮಾರು ೬೧,೦೦೦ ಚದರ ಕಿಲೋಮೀಟರು. ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಅದರ ಬಹುಭಾಗ ಹಿಮನದಿಗಳಿಂದ ಮುಚ್ಚಿಹೋಗಿದೆ. ಮರವೆಂಬುದು ಅಲ್ಲಿಲ್ಲ. ಆದರೆ ನೆಲದ ಒಳಗೆ ಕಲ್ಲಿದ್ದಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ದಟ್ಟವಾದ ಕಾಡುಗಳಿದ್ದುವೆಂಬುದಕ್ಕೆ ಅದೇ ಸಾಕ್ಷಿ. ಈ ಕಲ್ಲಿದ್ದಲಿಗಾಗಿ ಜಾನ್ ಮನ್ರೋ ಲಾಂಗಿಯರ್ ಎಂಬ ಅಮೆರಿಕದ ಉದ್ಯಮಿ ೧೯೦೬ ರಲ್ಲಿ ಗಣಿಯೊಂದನ್ನು ತೆರೆದನು. ಅವನ ಹೆಸರಿಗೆ 'ಊರು' ಎಂಬ ಅರ್ಥದ ನಾರ್ವೆ ಭಾಷೆಯ 'ಬ್ಯೆನ್' ಸೇರಿ ಊರಿನ ಹೆಸರಾಯಿತು. ೧೯೧೬ ರಲ್ಲಿ ಗಣಿಯು ನಾರ್ವೆಯ ಕಂಪೆನಿಯೊಂದರ ಕೈ ಸೇರಿತು.

ಆ ಕಾಲದಲ್ಲಿ ಸ್ವಾಲ್‌ಬಾರ್ಡ್ ಯಾವ ದೇಶಕ್ಕೂ ಸೇರಿರಲಿಲ್ಲ. ೧೯೨೦ ರ ಫೆಬ್ರವರಿ ೯ ರಂದು ಪ್ಯಾರಿಸಿನಲ್ಲಿ ನಡೆದ ಒಪ್ಪಂದವು ಅದರ ಮೇಲಿನ ಪ್ರಭುತ್ವವನ್ನು ನಾರ್ವೆಗೆ ಕೊಟ್ಟಿತು; ೧೯೨೫ ರಲ್ಲಿ ಅದು ಜಾರಿಗೆ ಬಂದಿತು. ಆದರೆ ಅದರಲ್ಲಿ ವಿಶೇಷವಾದ ಒಂದು ನಿಬಂಧನೆಯಿತ್ತು. ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿಗೆ ಹೋಗಲು, ಬೇಟೆ, ಮೀನುಗಾರಿಕೆ, ಗಣಿಗಾರಿಕೆ, ವ್ಯಾಪಾರ ಮುಂತಾದುವನ್ನು ನಡೆಸಲು ಸಮಾನವಾದ ಅವಕಾಶವಿರತಕ್ಕದ್ದು. ಅಂದಿನ ಬ್ರಿಟಿಷ್ ಆಡಳಿತದ ಭಾರತದ ಪರವಾಗಿಯೂ ಈ ಒಪ್ಪಂದಕ್ಕೆ ಸಹಿ ಬಿದ್ದಿತು. ಹೀಗಾಗಿ ಸ್ವಾಲ್‌ಬಾರ್ಡಿನಲ್ಲಿ ಇರಲು ಭಾರತೀಯನಿಗೂ ವೀಸಾ ಬೇಕಿಲ್ಲ. ದಾರಿಯು ನಾರ್ವೆಯ ಮುಖ್ಯ ಭೂಭಾಗದ ಮೂಲಕ ಹಾದುಹೋಗುವುದರಿಂದ, ಹೋಗಿ ಬರುವ ಎರಡು ಸಲದ ಪ್ರವೇಶಕ್ಕೂ ಸಲ್ಲುವ ಷೆಂಗೆನ್ ವೀಸಾ ಮಾತ್ರ ಬೇಕಾಗುತ್ತದೆ.

ಇದನ್ನು ಕೇಳಿ, ಗಂಟು ಕಟ್ಟಿಕೊಂಡು ಹೊರಡಬಹುದೆಂದು ಭಾವಿಸಬಾರದು. ತನ್ನ ಖರ್ಚನ್ನು ತಾನೇ ನೋಡಿಕೊಳ್ಳಲಾರದವನನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಅಲ್ಲಿನ ರಾಜ್ಯಪಾಲರಿಗೆ ಉಂಟು. ಮನೆಗಳಲ್ಲಿ ಹೆಚ್ಚಿನವು ಸರ್ಕಾರಕ್ಕೋ ಉದ್ಯೋಗ ಕೊಡುವ ಸಂಸ್ಥೆಗಳಿಗೋ ಸೇರಿವೆ. ಆದ್ದರಿಂದ ಮೊದಲು ಕೆಲಸ, ಕೆಲಸದೊಡನೆ ಮನೆ, ಆ ಮೇಲೆ ಪ್ರಯಾಣ ಎಂಬುದೇ ವಿವೇಕದ ಕ್ರಮ. ಇಷ್ಟಾದರೂ ಐವತ್ತಕ್ಕೂ ಹೆಚ್ಚು ದೇಶಗಳ ಜನ ಅಲ್ಲಿದ್ದಾರೆ. ಊರಿನ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ನಾರ್ವೆಯವರಲ್ಲ. ಬಿಸಿಲ ನಾಡುಗಳಾದ ಥಾಯ್‌ಲೆಂಡ್ ಮತ್ತು ಫಿಲಿಪ್ಪೀನ್ಸ್‌ಗಳಿಂದ ಬಂದವರೇ ಅವರಲ್ಲಿ ಗಣನೀಯ ಸಂಖ್ಯೆಯಲ್ಲಿದ್ದಾರೆ.

ಸೂರ್ಯನಿಲ್ಲದ ದಿನಗಳು

ಹೊಸದಾಗಿ ಹೋದವನನ್ನು ಮೊದಲು ಕಾಡುವುದು ಬೆಳಕಿನ ಲೆಕ್ಕ. ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ಮಧ್ಯಾಹ್ನದ ಸೂರ್ಯನು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿರುತ್ತಾನೆಂಬುದನ್ನು ತಿಳಿಯಲು ೯೦ ಡಿಗ್ರಿಯಿಂದ ಊರಿನ ಅಕ್ಷಾಂಶವನ್ನು ಕಳೆದು, ಆ ದಿನದ ಸೂರ್ಯನ ಕ್ರಾಂತಿಯನ್ನು ಕೂಡಿಸಬೇಕು. ಭೂಮಿಯ ಅಕ್ಷವು ೨೩.೪ ಡಿಗ್ರಿಯಷ್ಟು ವಾಲಿರುವುದರಿಂದ ಈ ಕ್ರಾಂತಿಯು ಜೂನಿನಲ್ಲಿ +೨೩.೪ ಡಿಗ್ರಿಗೂ ಡಿಸೆಂಬರಿನಲ್ಲಿ −೨೩.೪ ಡಿಗ್ರಿಗೂ ಮುಟ್ಟುತ್ತದೆ.

ಬೆಂಗಳೂರಿನ ಅಕ್ಷಾಂಶ ೧೩ ಡಿಗ್ರಿ. ಡಿಸೆಂಬರ್ ೨೧ ರಂದು ಇಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ೯೦ − ೧೩ − ೨೩.೪ = ೫೩.೬ ಡಿಗ್ರಿ. ಅದೇ ದಿನ ಲಾಂಗಿಯರ್‌ಬ್ಯೆನ್‌ನಲ್ಲಿ ೯೦ − ೭೮.೨ − ೨೩.೪ = −೧೧.೬ ಡಿಗ್ರಿ. ಅಂದರೆ ನಡುಹಗಲಿನಲ್ಲಿಯೂ ಸೂರ್ಯನು ಕ್ಷಿತಿಜಕ್ಕಿಂತ ಹನ್ನೊಂದೂವರೆ ಡಿಗ್ರಿಗೂ ಮಿಕ್ಕಿ ಕೆಳಗಿದ್ದಾನೆ. ಸೂರ್ಯನು ಆರು ಡಿಗ್ರಿಗಿಂತ ಕೆಳಗಿಳಿದರೆ ದೀಪವಿಲ್ಲದೆ ಹೊರಗಿನ ಕೆಲಸ ಮಾಡುವುದು ಕಷ್ಟ. ಹನ್ನೆರಡು ಡಿಗ್ರಿ ಇಳಿದರೆ ಕ್ಷಿತಿಜವೇ ಗೋಚರಿಸುವುದಿಲ್ಲ. ಡಿಸೆಂಬರಿನ ಮಧ್ಯಾಹ್ನ ಅಲ್ಲಿ ದಕ್ಷಿಣದ ಅಂಚಿನಲ್ಲಿ ಕಂಡೂ ಕಾಣದ ನೀಲಿಯ ಛಾಯೆಯೊಂದು ಮೂಡಿ ಮರೆಯಾಗುತ್ತದೆ, ಅಷ್ಟೆ.

ಅಕ್ಟೋಬರ್ ೨೬ ರ ಸುಮಾರಿಗೆ ಮುಳುಗಿದ ಸೂರ್ಯನು ಫೆಬ್ರವರಿಯ ನಡುವಿನ ವರೆಗೆ ಮತ್ತೆ ಮೂಡುವುದಿಲ್ಲ. ಏಪ್ರಿಲ್ ೨೦ ರ ಹೊತ್ತಿಗೆ ಸ್ಥಿತಿ ತಲೆಕೆಳಗಾಗಿ, ಅಲ್ಲಿಂದ ಆಗಸ್ಟ್ ೨೩ ರ ವರೆಗೆ ಸೂರ್ಯನು ಮುಳುಗುವುದೇ ಇಲ್ಲ. ಈ ಎರಡರ ನಡುವಣ ಅವಧಿ ಎಷ್ಟು ಕಿರಿದೆಂಬುದನ್ನು ಗಮನಿಸಬೇಕು. ಸುಮಾರು ೬೪ ದಿನಗಳಲ್ಲಿ ಹಗಲು ಸೊನ್ನೆಯಿಂದ ಇಪ್ಪತ್ತನಾಲ್ಕು ಗಂಟೆಗೆ ಬೆಳೆಯಬೇಕು. ಅಂದರೆ ದಿನವೊಂದಕ್ಕೆ ಸರಾಸರಿ ೨೨ ಮಿನಿಟಿಗೂ ಹೆಚ್ಚು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಅಷ್ಟು ವ್ಯತ್ಯಾಸ ಅಲ್ಲಿ ನಾಲ್ಕೈದು ದಿನಗಳಲ್ಲಿಯೇ ಆಗಿಹೋಗುತ್ತದೆ.

ಫೆಬ್ರವರಿಯಲ್ಲಿ ಸೂರ್ಯನು ಕ್ಷಿತಿಜವನ್ನು ದಾಟಿದರೂ ದಕ್ಷಿಣದ ಬೆಟ್ಟಗಳು ಅಡ್ಡವಾಗಿರುವುದರಿಂದ ಬಿಸಿಲು ಊರಿಗೆ ಬೀಳುವುದು ಮಾರ್ಚ್ ೮ ರಂದು. ಆ ದಿನ ಊರಿನ ಜನ, ಮುಖ್ಯವಾಗಿ ಶಾಲೆಯ ಮಕ್ಕಳು, ಹಳೆಯ ಆಸ್ಪತ್ರೆಯ ಮೆಟ್ಟಿಲುಗಳ ಬಳಿ ನೆರೆದು ಮೊದಲ ಕಿರಣಕ್ಕಾಗಿ ಕಾಯುತ್ತಾರೆ. ಆಸ್ಪತ್ರೆಯು ಈಗ ಇಲ್ಲ, ಮೆಟ್ಟಿಲುಗಳಿವೆ. ಆ ವಾರವೆಲ್ಲ ಊರಿಗೆ ಹಬ್ಬ. ಸಂಕ್ರಾಂತಿಯಂದು ಎಳ್ಳು ಬೀರುವ ನಮಗೆ ಈ ಸಂಭ್ರಮ ಅರ್ಥವಾಗದ ವಿಷಯವೇನಲ್ಲ.

ಕತ್ತಲೆಯ ತಿಂಗಳುಗಳು ಬರಿಯ ಕತ್ತಲೆಯಲ್ಲ. ಹುಣ್ಣಿಮೆಯ ಚಂದ್ರನು ಆಕಾಶದಲ್ಲಿ ಸೂರ್ಯನಿಗೆ ಎದುರು ದಿಕ್ಕಿನಲ್ಲಿರುತ್ತಾನೆ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಇಳಿದಷ್ಟೂ ಹುಣ್ಣಿಮೆಯ ಚಂದ್ರನು ಉತ್ತರಕ್ಕೆ ಏರಿರುತ್ತಾನೆ. ಆದ್ದರಿಂದ ಅಲ್ಲಿ ಚಂದ್ರನು ಕೆಲವು ದಿನಗಳ ಕಾಲ ಮುಳುಗದೆ ಆಕಾಶವನ್ನು ಸುತ್ತುತ್ತಾನೆ. ಹಿಮದ ಮೇಲೆ ಬಿದ್ದ ಆ ಬೆಳದಿಂಗಳಲ್ಲಿ ಕಣಿವೆಯೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಮತ್ತೊಂದು ಕೌತುಕವೆಂದರೆ ಹಗಲಿನ ಧ್ರುವಪ್ರಭೆ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳು ಭೂಮಿಯ ಕಾಂತಕ್ಷೇತ್ರದ ಹಗಲಿನ ಬದಿಯಲ್ಲಿರುವ ತೆರಪಿನ ಮೂಲಕ ಇಳಿದು ಬರುವ ಸ್ಥಳವು ಮಧ್ಯಾಹ್ನದ ಸುಮಾರಿಗೆ ಸ್ವಾಲ್‌ಬಾರ್ಡಿನ ನೆತ್ತಿಯ ಮೇಲಿರುತ್ತದೆ. ಅವುಗಳ ಹೊಡೆತದಿಂದ ಮೇಲಿನ ವಾಯುಮಂಡಲದ ಆಮ್ಲಜನಕದ ಪರಮಾಣುಗಳು ಕೆಂಪು ಬೆಳಕನ್ನು ಸೂಸುತ್ತವೆ. ಬೇರೆಡೆ ಈ ಪ್ರಭೆ ಬಿಸಿಲಿನಲ್ಲಿ ಅಡಗಿಹೋಗುತ್ತದೆ. ಇಲ್ಲಿ ಮಧ್ಯಾಹ್ನವೂ ಕತ್ತಲೆಯಾದುದರಿಂದ ಅದನ್ನು ನೋಡಬಹುದು. ಇದಕ್ಕೆಂದೇ ಊರಿನ ಹೊರಗೆ ಒಂದು ವೀಕ್ಷಣಾಲಯವು ೨೦೦೮ ರಲ್ಲಿ ಪ್ರಾರಂಭವಾಯಿತು.

ಆದರೆ ದೇಹಕ್ಕೆ ಬೇರೆಯದೇ ಆದ ಒಂದು ಗಡಿಯಾರವಿದೆ. ಮನುಷ್ಯನ ಒಳಗಿನ ಈ ಗಡಿಯಾರದ ಸುತ್ತು ಇಪ್ಪತ್ತನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರತಿದಿನದ ಬೆಳಗಿನ ಬೆಳಕು ಅದನ್ನು ಸರಿಪಡಿಸುತ್ತದೆ. ಬೆಳಕಿಲ್ಲದಾಗ ಅದು ಹಿಂದೆ ಬೀಳುತ್ತ ಹೋಗಿ ನಿದ್ರೆ ಕೆಡುತ್ತದೆ, ಮನಸ್ಸು ಜಡವಾಗುತ್ತದೆ. ನಿಯತವಾದ ಹೊತ್ತಿನಲ್ಲಿ ಏಳುವುದು, ಎದ್ದೊಡನೆ ಪ್ರಖರವಾದ ದೀಪದ ಮುಂದೆ ಕೂರುವುದು, ನೆರೆಯವರೊಡನೆ ಬೆರೆಯುವುದು, ಬೇಸಗೆಯಲ್ಲಿ ಕಿಟಕಿಗಳಿಗೆ ದಪ್ಪ ಪರದೆ ಹಾಕುವುದು, ಇವು ಇದಕ್ಕೆ ಪರಿಹಾರ. ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾಗಬೇಕಾದ ಡಿ ಜೀವಸತ್ತ್ವವನ್ನು ಮೀನೆಣ್ಣೆಯಿಂದಲೋ ಗುಳಿಗೆಯಿಂದಲೋ ಪಡೆಯಬೇಕು.

ಚಳಿ, ಗಾಳಿ, ಉಡುಪು

ಅಕ್ಷಾಂಶಕ್ಕೆ ಹೋಲಿಸಿದರೆ ಅಲ್ಲಿನ ಚಳಿ ಸೌಮ್ಯವೆಂದೇ ಹೇಳಬೇಕು. ಅಟ್ಲಾಂಟಿಕ್ ಸಾಗರದಿಂದ ಉತ್ತರಕ್ಕೆ ಹರಿಯುವ ಬೆಚ್ಚನೆಯ ಪ್ರವಾಹದ ಕೊನೆಯ ಕವಲೊಂದು ಸ್ವಾಲ್‌ಬಾರ್ಡಿನ ಪಶ್ಚಿಮ ತೀರವನ್ನು ಮುಟ್ಟುತ್ತದೆ. ೧೯೬೧–೯೦ ರ ಅವಧಿಯಲ್ಲಿ ಲಾಂಗಿಯರ್‌ಬ್ಯೆನ್ ವಿಮಾನನಿಲ್ದಾಣದ ವಾರ್ಷಿಕ ಸರಾಸರಿ ಉಷ್ಣತೆ −೬.೭ ಡಿಗ್ರಿ ಸೆಂಟಿಗ್ರೇಡ್. ಆದರೂ ೧೯೮೬ ರ ಮಾರ್ಚಿನಲ್ಲಿ ಅದು −೪೬.೩ ಡಿಗ್ರಿಗೆ ಇಳಿದದ್ದುಂಟು.

ಉಷ್ಣಮಾಪಕದ ಅಂಕಿಯೊಂದೇ ಚಳಿಯ ಅಳತೆಯಲ್ಲ. ನಮ್ಮ ಮೈಗೆ ತಾಗಿದ ತೆಳುವಾದ ಗಾಳಿಯ ಪದರವನ್ನು ಶರೀರವು ಬಿಸಿಮಾಡಿರುತ್ತದೆ. ಗಾಳಿ ಬೀಸಿದಾಗ ಈ ಪದರವು ಹಾರಿಹೋಗಿ ಅದರ ಸ್ಥಾನಕ್ಕೆ ತಣ್ಣನೆಯ ಗಾಳಿ ಬರುತ್ತದೆ. ಅದನ್ನೂ ಬಿಸಿಮಾಡುವ ಹೊರೆ ಶರೀರದ ಮೇಲೆಯೇ ಬೀಳುತ್ತದೆ. −೨೦ ಡಿಗ್ರಿಯ ದಿನ ಗಂಟೆಗೆ ೩೬ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಮುಖದಿಂದ ಉಷ್ಣವು ನಷ್ಟವಾಗುವ ವೇಗವು −೩೪ ಡಿಗ್ರಿಯ ನಿಶ್ಚಲ ವಾಯುವಿನಲ್ಲಿ ಆಗುವಷ್ಟಿರುತ್ತದೆ.

ಉಡುಪಿನ ತತ್ತ್ವವೂ ಇದರಿಂದಲೇ ತಿಳಿಯುತ್ತದೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದ ಒಂದು ದಪ್ಪ ಅಂಗಿಗಿಂತ ಮೂರು ತೆಳು ಪದರಗಳು ಮೇಲು. ಎಲ್ಲಕ್ಕೂ ಹೊರಗೆ ಗಾಳಿ ನುಗ್ಗದ ಒಂದು ಹೊದಿಕೆ ಬೇಕು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು ಇಪ್ಪತ್ತನಾಲ್ಕು ಪಟ್ಟು ಹೆಚ್ಚು. ಬೆವರಿನಿಂದ ಒದ್ದೆಯಾದ ಹತ್ತಿಯ ಬಟ್ಟೆ ಗಾಳಿಯ ಸ್ಥಾನದಲ್ಲಿ ನೀರನ್ನು ಹಿಡಿದುಕೊಂಡು ಮೈಯ ಶಾಖವನ್ನು ಹೊರಕ್ಕೆ ಸಾಗಿಸಿಬಿಡುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ಹತ್ತಿಯ ಯಾವ ಗುಣವನ್ನು ನಾವು ಮೆಚ್ಚುತ್ತೇವೆಯೋ ಅಲ್ಲಿ ಅದೇ ಗುಣ ಅಪಾಯಕಾರಿ. ಮೈಗೆ ತಾಗುವಂತೆ ಅಲ್ಲಿ ತೊಡುವುದು ಉಣ್ಣೆಯನ್ನು.

ಮನೆಯೊಳಗೆ ಬಂದರೆ ಮತ್ತೊಂದು ವಿಚಿತ್ರ. −೨೦ ಡಿಗ್ರಿಯ ಗಾಳಿ ಹಿಡಿಯಬಲ್ಲ ನೀರಾವಿ ಅತ್ಯಲ್ಪ. ಆ ಗಾಳಿಯನ್ನು ಒಳಗೆ ತಂದು ೨೦ ಡಿಗ್ರಿಗೆ ಕಾಯಿಸಿದಾಗ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ಐದರಷ್ಟಕ್ಕೆ ಇಳಿಯುತ್ತದೆ. ತುಟಿ ಒಡೆಯುತ್ತದೆ, ಗಂಟಲು ಒಣಗುತ್ತದೆ, ಬಾಗಿಲ ಹಿಡಿಯನ್ನು ಮುಟ್ಟಿದರೆ ವಿದ್ಯುತ್ ಕಿಡಿ ಹಾರುತ್ತದೆ. ಹಿಮದ ನಡುವೆ ಇದ್ದರೂ ಮನೆಯ ಒಳಗಿನ ಹವೆ ಮರುಭೂಮಿಯದು.

ಹೆಪ್ಪುಗಟ್ಟಿದ ನೆಲದ ಮೇಲೆ ಮನೆ

ಲಾಂಗಿಯರ್‌ಬ್ಯೆನ್‌ನ ಮನೆಗಳನ್ನು ಮೊದಲು ನೋಡಿದವನಿಗೆ ಅವು ಕಾಲಿನ ಮೇಲೆ ನಿಂತಂತೆ ಕಾಣುತ್ತವೆ. ನೆಲಕ್ಕೂ ಮನೆಯ ತಳಕ್ಕೂ ನಡುವೆ ಗಾಳಿ ಆಡುವಷ್ಟು ತೆರಪಿದೆ. ನೆಲಕ್ಕೆ ಆಳವಾಗಿ ಇಳಿಸಿದ ಕಂಬಗಳು ಮನೆಯ ಭಾರವನ್ನು ಹೊರುತ್ತವೆ. ಕಾರಣವನ್ನು ನೆಲದೊಳಗೆ ಹುಡುಕಬೇಕು.

ಅಲ್ಲಿ ನೆಲವು ಕಣಿವೆಗಳಲ್ಲಿ ನೂರು ಮೀಟರಿನಷ್ಟೂ ಬೆಟ್ಟಗಳಲ್ಲಿ ನಾಲ್ಕು ನೂರು ಮೀಟರಿಗೂ ಮಿಕ್ಕಿಯೂ ಆಳದವರೆಗೆ ಸದಾ ಹೆಪ್ಪುಗಟ್ಟಿರುತ್ತದೆ. ಬೇಸಗೆಯಲ್ಲಿ ಕರಗುವುದು ಮೇಲಿನ ಒಂದೆರಡು ಮೀಟರಿನ ಪದರ ಮಾತ್ರ. ಮಣ್ಣಿನ ಕಣಗಳನ್ನು ಮಂಜುಗಡ್ಡೆಯು ಸಿಮೆಂಟಿನಂತೆ ಬಂಧಿಸಿರುವಾಗ ನೆಲವು ಬಂಡೆಯಷ್ಟು ಗಟ್ಟಿ. ಕರಗಿದಾಗ ಅದು ಕೆಸರು. ಬೆಚ್ಚನೆಯ ಮನೆಯನ್ನು ನೇರವಾಗಿ ನೆಲದ ಮೇಲೆ ಕಟ್ಟಿದರೆ ಮನೆಯ ಶಾಖವೇ ತನ್ನ ಅಡಿಪಾಯವನ್ನು ಕರಗಿಸಿ, ಒಂದು ಮೂಲೆ ಕುಸಿದು, ಗೋಡೆ ಸೀಳುತ್ತದೆ. ಆದ್ದರಿಂದ ಮನೆಯನ್ನು ಎತ್ತಿ ನಿಲ್ಲಿಸಿ, ಕೆಳಗೆ ಚಳಿಗಾಲದ ಗಾಳಿಯನ್ನು ಹರಿಯಬಿಟ್ಟು ನೆಲವನ್ನು ತಣ್ಣಗೆ ಇರಿಸುತ್ತಾರೆ. ನಾವು ಮನೆಯನ್ನು ನೆಲದ ತೇವದಿಂದ ಕಾಪಾಡುತ್ತೇವೆ. ಅವರು ನೆಲವನ್ನು ಮನೆಯ ಬಿಸಿಯಿಂದ ಕಾಪಾಡುತ್ತಾರೆ.

ಮೇಲಿನ ಪದರವು ಪ್ರತಿವರ್ಷ ಕರಗಿ ಹೆಪ್ಪುಗಟ್ಟುವುದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ನೀರು ಗಡ್ಡೆಯಾಗುವಾಗ ಗಾತ್ರದಲ್ಲಿ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಅದಲ್ಲದೆ ಕೆಳಗಿನ ಮಣ್ಣಿನಿಂದ ಮತ್ತಷ್ಟು ನೀರು ಹೆಪ್ಪುಗಟ್ಟುವ ಅಂಚಿಗೆ ಸೆಳೆಯಲ್ಪಡುತ್ತದೆ. ಹೀಗೆ ಉಬ್ಬುವ ನೆಲವು ತನ್ನಲ್ಲಿ ಹೂತ ಕಲ್ಲು, ಕಂಬ, ಕೊಳವೆ ಎಲ್ಲವನ್ನೂ ವರ್ಷದಿಂದ ವರ್ಷಕ್ಕೆ ಮೇಲಕ್ಕೆ ತಳ್ಳುತ್ತದೆ. ಕಂಬಗಳನ್ನು ಸದಾ ಗಟ್ಟಿಯಾಗಿರುವ ಪದರದವರೆಗೆ ಇಳಿಸುವುದಕ್ಕೂ, ಊರಿನ ನೀರಿನ ಮತ್ತು ಶಾಖದ ಕೊಳವೆಗಳನ್ನು ಬಹುಮಟ್ಟಿಗೆ ನೆಲದ ಮೇಲೆಯೇ, ಶಾಖ ಸೋರದ ಹೊದಿಕೆಗಳೊಳಗೆ ಹಾಯಿಸಿರುವುದಕ್ಕೂ ಇದೇ ಕಾರಣ.

ಋತುಗಳ ಬಿಸಿ ಚಳಿ ನೆಲದೊಳಗೆ ಎಷ್ಟು ದೂರ ಇಳಿಯುತ್ತವೆ? ಉಷ್ಣದ ಅಲೆಯು ಒಳಕ್ಕೆ ಹೋದಂತೆಲ್ಲ ಕುಗ್ಗುತ್ತದೆ. ಸಾಮಾನ್ಯವಾದ ಶಿಲೆ ಮಣ್ಣುಗಳಲ್ಲಿ ವಾರ್ಷಿಕ ಅಲೆಯು ಪ್ರತಿ ಮೂರು ಮೀಟರಿಗೆ ತನ್ನ ಮೂರನೆಯ ಒಂದು ಭಾಗದ ಸುಮಾರಿಗೆ ಇಳಿಯುತ್ತದೆಂದು ಲೆಕ್ಕ ಹಾಕಬಹುದು. ಹತ್ತು ಹದಿನೈದು ಮೀಟರಿನ ಕೆಳಗೆ ಬೇಸಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಉತ್ತರ ಕರ್ನಾಟಕದ ರೈತರು ಜೋಳವನ್ನು ಹಗೇವಿನಲ್ಲಿ ಹೂತಿಡುತ್ತಿದ್ದುದರ ಹಿಂದೆ ಇರುವುದೂ ಇದೇ ತತ್ತ್ವ. ಲಾಂಗಿಯರ್‌ಬ್ಯೆನ್‌ನ ಬಳಿ ಇಡೀ ಜಗತ್ತಿಗೆ ಒಂದು ಹಗೇವಿದೆ ಎನ್ನಬಹುದು. ಬೆಟ್ಟದೊಳಕ್ಕೆ ನೂರು ಮೀಟರಿಗೂ ಹೆಚ್ಚು ಕೊರೆದು ಕಟ್ಟಿದ ಜಾಗತಿಕ ಬೀಜಭಂಡಾರವು ೨೦೦೮ ರ ಫೆಬ್ರವರಿ ೨೬ ರಂದು ತೆರೆಯಿತು. ಯಂತ್ರಗಳ ನೆರವಿನಿಂದ ಅಲ್ಲಿ ಬೀಜಗಳನ್ನು −೧೮ ಡಿಗ್ರಿಯಲ್ಲಿ ಇಡುತ್ತಾರೆ. ಯಂತ್ರ ನಿಂತರೂ ಸುತ್ತಣ ಬಂಡೆಯ ತಣ್ಪು ಅವುಗಳನ್ನು ಬಹುಕಾಲ ರಕ್ಷಿಸಬೇಕೆಂಬುದು ಉದ್ದೇಶ. ಹೈದರಾಬಾದಿನ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಕಳುಹಿಸಿದ ಜೋಳ, ಸಜ್ಜೆ, ಕಡಲೆ, ತೊಗರಿಗಳೂ ಅಲ್ಲಿವೆ.

ಶಾಖ, ವಿದ್ಯುತ್ತು, ಸರಕು

ಚಳಿಗಾಲದಲ್ಲಿ ವಿದ್ಯುತ್ತು ನಿಂತರೆ ನಮಗೆ ಅದೊಂದು ತೊಂದರೆ. ಅಲ್ಲಿ ಅದು ಪ್ರಾಣಾಪಾಯ. ಊರಿನ ಕಲ್ಲಿದ್ದಲಿನಿಂದಲೇ ನಡೆಯುತ್ತಿದ್ದ ವಿದ್ಯುದಾಗಾರವು ೧೯೮೨ ರಿಂದ ೨೦೨೩ ರ ಅಕ್ಟೋಬರಿನ ವರೆಗೆ ವಿದ್ಯುತ್ತನ್ನೂ, ಅದರಿಂದ ಉಳಿದ ಶಾಖದಿಂದ ಕಾಯಿಸಿದ ನೀರನ್ನೂ ಮನೆಮನೆಗೆ ಒದಗಿಸಿತು. ಅದನ್ನು ಮುಚ್ಚಿದ ಮೇಲೆ ಡೀಸೆಲ್ ಎಣ್ಣೆಯು ಕಲ್ಲಿದ್ದಲಿನ ಸ್ಥಾನಕ್ಕೆ ಬಂದಿತು. ಊರಿನ ಕೊನೆಯ ಗಣಿಯು ೨೦೨೫ ರಲ್ಲಿ ಮುಚ್ಚಿತು. ಗಣಿಗಾಗಿ ಹುಟ್ಟಿದ ಊರು ಈಗ ಪ್ರವಾಸಿಗಳಿಂದಲೂ, ಸಂಶೋಧನೆಯಿಂದಲೂ, ೧೯೯೩ ರಲ್ಲಿ ಪ್ರಾರಂಭವಾದ ವಿಶ್ವವಿದ್ಯಾಲಯ ಕೇಂದ್ರದಿಂದಲೂ ಬಾಳುತ್ತಿದೆ. ಧ್ರುವಗಳ ಮೇಲೆ ಹಾದು ಸುತ್ತುವ ಉಪಗ್ರಹಗಳು ಪ್ರತಿ ಸುತ್ತಿನಲ್ಲಿಯೂ ಇಲ್ಲಿಂದ ಕಾಣುವುದರಿಂದ, ಊರಿನ ಮೇಲಣ ಪ್ರಸ್ಥಭೂಮಿಯಲ್ಲಿ ಉಪಗ್ರಹಗಳ ವಾರ್ತೆಯನ್ನು ಸ್ವೀಕರಿಸುವ ದೊಡ್ಡ ಕೇಂದ್ರವೂ ಇದೆ.

೧೯೭೫ ರಲ್ಲಿ ವಿಮಾನನಿಲ್ದಾಣವು ಪ್ರಾರಂಭವಾಗುವ ಮುನ್ನ ಸಮುದ್ರವು ಹೆಪ್ಪುಗಟ್ಟಿದೊಡನೆ ಊರು ಹೊರಜಗತ್ತಿನಿಂದ ತಿಂಗಳುಗಟ್ಟಲೆ ಬೇರೆಯಾಗುತ್ತಿತ್ತು. ಈಗಲೂ ದ್ವೀಪದ ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ತರಕಾರಿ, ಹಾಲು, ಔಷಧ ಎಲ್ಲವೂ ಹಡಗಿನಲ್ಲಿಯೋ ವಿಮಾನದಲ್ಲಿಯೋ ಬರಬೇಕು. ಬಿರುಗಾಳಿಯಿಂದ ವಿಮಾನ ತಪ್ಪಿದರೆ ಅಂಗಡಿಯ ಕಪಾಟು ಬರಿದಾಗುತ್ತದೆ.

ಊರಿನ ಕಟ್ಟಳೆಗಳು

ಹೊಸಬನು ಕಲಿಯಬೇಕಾದ ನಡವಳಿಕೆಗಳೂ ಕೆಲವಿವೆ. ಸ್ವಾಲ್‌ಬಾರ್ಡ್ ಹಿಮಕರಡಿಗಳ ನಾಡು. ಜನವಸತಿಯ ಹೊರಗೆ ಹೋಗುವವನು ಕರಡಿಯನ್ನು ಬೆದರಿಸಿ ಓಡಿಸುವ ಸಾಧನವನ್ನು ಒಯ್ಯಲೇಬೇಕೆಂದು ಶಾಸನವಿದೆ. ಬಂದೂಕನ್ನೂ ಒಯ್ಯಬೇಕೆಂದು ರಾಜ್ಯಪಾಲರ ಸಲಹೆ. ವಿಶ್ವವಿದ್ಯಾಲಯ ಕೇಂದ್ರಕ್ಕೆ ಬಂದ ವಿದ್ಯಾರ್ಥಿಗೆ ಮೊದಲ ಪಾಠವೆಂದರೆ ಸುರಕ್ಷಿತತೆಯದು. ಬಂದೂಕಿನ ಬಳಕೆಯೂ ಅದರಲ್ಲಿ ಸೇರಿದೆ. ಕರಡಿಯನ್ನು ಕೊಲ್ಲುವುದು ಪ್ರಾಣರಕ್ಷಣೆಗೆ ಬೇರೆ ದಾರಿಯೇ ಇಲ್ಲದಾಗ ಮಾತ್ರ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ರಕ್ಷಣೆಗಾಗಿ ಊರಿನಲ್ಲಿ ಬೆಕ್ಕು ಸಾಕುವಂತಿಲ್ಲ.

ಮನೆ, ಹೋಟೆಲು, ವಸ್ತುಸಂಗ್ರಹಾಲಯ, ಇವುಗಳ ಒಳಗೆ ಹೋಗುವಾಗ ಪಾದರಕ್ಷೆಯನ್ನು ಬಾಗಿಲಲ್ಲಿಯೇ ಬಿಡಬೇಕು. ಗಣಿಯ ಕಪ್ಪು ಧೂಳು ಮನೆಯೊಳಗೆ ಬಾರದಿರಲೆಂದು ಹುಟ್ಟಿದ ಈ ವಾಡಿಕೆ ಗಣಿಗಳು ಮುಚ್ಚಿದ ಮೇಲೂ ಉಳಿದಿದೆ. ನಮ್ಮವರಿಗೆ ಇದೊಂದನ್ನು ಮಾತ್ರ ಹೊಸದಾಗಿ ಕಲಿಸಬೇಕಾಗಿಲ್ಲ.

ಹುಟ್ಟು ಮತ್ತು ಸಾವು

ಲಾಂಗಿಯರ್‌ಬ್ಯೆನ್‌ನಲ್ಲಿ ಸಾಯುವುದು ಕಾನೂನಿಗೆ ವಿರುದ್ಧವೆಂಬ ಮಾತು ಜಗತ್ತಿನಲ್ಲೆಲ್ಲ ಹರಡಿದೆ. ಅದು ನಿಜವಲ್ಲ. ನಿಜಾಂಶವಿಷ್ಟೆ: ನೆಲದ ಉಬ್ಬರದಿಂದ ಶವಪೆಟ್ಟಿಗೆಗಳು ಮೇಲಕ್ಕೆ ಬರುವುದರಿಂದ, ಸುಮಾರು ೧೯೫೦ ರಿಂದೀಚೆಗೆ ಅಲ್ಲಿ ಶವಗಳನ್ನು ಹೂಳುತ್ತಿಲ್ಲ, ಅನುಮತಿ ಪಡೆದು ಅಸ್ಥಿಭಸ್ಮದ ಕರಂಡಕವನ್ನು ಮಾತ್ರ ಹೂಳಬಹುದು. ೧೯೧೮ ರ ಮಹಾ ಇನ್‌ಫ್ಲುಯೆಂಜಕ್ಕೆ ಬಲಿಯಾದ ಏಳು ಮಂದಿ ತರುಣರು ಅಲ್ಲಿನ ಹಳೆಯ ಸ್ಮಶಾನದಲ್ಲಿದ್ದಾರೆ. ಹೆಪ್ಪುಗಟ್ಟಿದ ನೆಲದಲ್ಲಿ ಆ ರೋಗದ ವೈರಸ್ಸು ಕೆಡದೆ ಉಳಿದಿರಬಹುದೆಂದು ೧೯೯೮ ರಲ್ಲಿ ವಿಜ್ಞಾನಿಗಳು ಅಗೆದು ನೋಡಿದರು. ಪೆಟ್ಟಿಗೆಗಳು ಪ್ರತಿವರ್ಷ ಕರಗುವ ಮೇಲುಪದರದಲ್ಲಿದ್ದುವು. ಜೀವಂತ ವೈರಸ್ಸು ದೊರೆಯಲಿಲ್ಲ.

ಹುಟ್ಟಿನ ವಿಷಯವೂ ಹಾಗೆಯೇ. ಊರಿನ ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆಯ ಏರ್ಪಾಡಿಲ್ಲ. ಗರ್ಭಿಣಿಯರು ದಿನ ತುಂಬುವುದಕ್ಕೆ ಕೆಲವು ವಾರಗಳ ಮುನ್ನವೇ ಸುಮಾರು ೯೫೦ ಕಿಲೋಮೀಟರು ದೂರದ ಟ್ರೊಮ್‌ಸೊ ಮುಂತಾದ ಊರುಗಳಿಗೆ ಹೋಗಬೇಕು. ಮುಪ್ಪಿನಲ್ಲಿ ನೋಡಿಕೊಳ್ಳುವ ವೃದ್ಧಾಶ್ರಮವೂ ಇಲ್ಲ. ೨೦೨೨ ರಲ್ಲಿ ಬಂದ ನಿಯಮದಂತೆ, ನಾರ್ವೆಯ ಮುಖ್ಯ ಭೂಭಾಗದಲ್ಲಿ ಮೂರು ವರ್ಷ ವಾಸ ಮಾಡಿರದ ವಿದೇಶೀಯರಿಗೆ ಊರಿನ ಚುನಾವಣೆಯಲ್ಲಿ ಮತವೂ ಇಲ್ಲದಾಯಿತು. ಇದು ಅಲ್ಲಿ ಹಲವು ವರ್ಷ ದುಡಿದು ಮಕ್ಕಳನ್ನು ಬೆಳಸಿದವರಿಗೆ ನೋವನ್ನುಂಟುಮಾಡಿತು. ಯಾರು ಬೇಕಾದರೂ ಬರಬಹುದಾದ ಊರು, ಆದರೆ ಯಾರನ್ನೂ ಕೊನೆಯವರೆಗೆ ಇಟ್ಟುಕೊಳ್ಳದ ಊರು. ಅಲ್ಲಿ ನೆಲಸಲು ಹೊರಡುವವನು ಚಳಿಗಿಂತ ಮೊದಲು ಯೋಚಿಸಬೇಕಾದದ್ದು ಇದನ್ನು.

ಕರಗುತ್ತಿರುವ ನೆಲ

ಈಗ ಆ ಊರಿನ ಮುಂದಿರುವ ಗಂಭೀರವಾದ ಪ್ರಶ್ನೆಗೆ ಬರೋಣ. ೧೯೭೧ ರಿಂದ ೨೦೧೭ ರ ವರೆಗಿನ ಅವಧಿಯಲ್ಲಿ ಸ್ವಾಲ್‌ಬಾರ್ಡಿನ ಉಷ್ಣತೆ ೩ ರಿಂದ ೫ ಡಿಗ್ರಿಯಷ್ಟು ಏರಿತು. ಜಗತ್ತಿನ ಸರಾಸರಿ ಏರಿಕೆಗಿಂತ ಇದು ಹಲವು ಪಟ್ಟು. ಮಂಜು ಸೂರ್ಯನ ಬೆಳಕನ್ನು ಬಹುಪಾಲು ಪ್ರತಿಫಲಿಸುತ್ತದೆ. ಕಡಲಿನ ಮಂಜು ಕರಗಿದಾಗ ತೆರೆದುಕೊಳ್ಳುವ ಕಪ್ಪು ನೀರು ಅದನ್ನು ಹೀರಿಕೊಳ್ಳುತ್ತದೆ. ಹೀರಿದ ಶಾಖ ಇನ್ನಷ್ಟು ಮಂಜನ್ನು ಕರಗಿಸುತ್ತದೆ. ಹೀಗೆ ಕಾರ್ಯವೇ ಕಾರಣವನ್ನು ಬೆಳಸುವುದರಿಂದ ಏರಿಕೆಯ ವೇಗ ಹೆಚ್ಚುತ್ತದೆ. ೨೦೨೦ ರ ಜುಲೈ ೨೫ ರಂದು ಲಾಂಗಿಯರ್‌ಬ್ಯೆನ್‌ನಲ್ಲಿ ಉಷ್ಣತೆ ೨೧.೭ ಡಿಗ್ರಿಯನ್ನು ಮುಟ್ಟಿತು.

ಚಳಿ ತಗ್ಗಿದರೆ ಬದುಕು ಹಗುರವಾಗಬೇಕಲ್ಲವೆ ಎಂದು ಕೇಳಬಹುದು. ಆದದ್ದು ಹಾಗಲ್ಲ. ಊರೆಲ್ಲವೂ ಚಳಿಯನ್ನು ನಂಬಿ ಕಟ್ಟಿದ್ದು. ಬೇಸಗೆಯಲ್ಲಿ ಕರಗುವ ಪದರವು ದಪ್ಪವಾದಂತೆ ಹಳೆಯ ಮನೆಗಳ ಮರದ ಕಂಬಗಳು ತೇವಕ್ಕೆ ಸಿಕ್ಕಿ ಕೊಳೆಯುತ್ತವೆ, ಕೆಲವು ಕಡೆ ಮನೆಗಳು ಜಗ್ಗುತ್ತವೆ. ೨೦೧೬ ರ ಅಕ್ಟೋಬರಿನಲ್ಲಿ ಬೀಜಭಂಡಾರದ ಪ್ರವೇಶದ ಸುರಂಗದೊಳಕ್ಕೆ ನೀರು ನುಗ್ಗಿತು. ಬೀಜಗಳಿಗೆ ತಗಲಲಿಲ್ಲವಾದರೂ, ಎಂದೆಂದಿಗೂ ಹೆಪ್ಪುಗಟ್ಟಿರುವುದೆಂದು ನಂಬಿದ ನೆಲದ ವಿಷಯದಲ್ಲಿ ಎಚ್ಚರಿಕೆ ದೊರೆಯಿತು. ಮುಂದೆ ಸುರಂಗವನ್ನು ನೀರು ನುಗ್ಗದಂತೆ ಹೊಸದಾಗಿ ಕಟ್ಟಿದರು.

೨೦೧೫ ರ ಡಿಸೆಂಬರ್ ೧೯ ರಂದು ಇದಕ್ಕಿಂತ ಘೋರವಾದ ದುರಂತ ನಡೆಯಿತು. ಬಿರುಗಾಳಿಯು ಊರಿನ ಅಂಚಿನ ಬೆಟ್ಟದ ಇಳಿಜಾರಿನಲ್ಲಿ ಪೇರಿಸಿದ ಹಿಮವು ಜಾರಿ ಹನ್ನೊಂದು ಮನೆಗಳನ್ನು ಅವುಗಳ ಸ್ಥಾನದಿಂದ ಕಿತ್ತು ನೂಕಿತು. ಒಬ್ಬ ಗಂಡಸೂ ಒಂದು ಚಿಕ್ಕ ಮಗುವೂ ಮೃತರಾದರು. ಊರಿನ ಜನ ಸಲಿಕೆಗಳನ್ನು ಹಿಡಿದು ಕತ್ತಲೆಯಲ್ಲಿ ಓಡಿಬಂದು, ಹಿಮದಡಿ ಸಿಕ್ಕಿದವರನ್ನು ಕೈಯಾರೆ ಅಗೆದು ತೆಗೆದರು. ೨೦೧೭ ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹಿಮ ಜಾರಿ ಮನೆಗಳಿಗೆ ಬಡಿಯಿತು; ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಆ ಮೇಲೆ ಇಳಿಜಾರಿಗೆ ಉಕ್ಕಿನ ತಡೆಬೇಲಿಗಳನ್ನು ಹಾಕಿದರು. ಅಪಾಯದ ಅಂಚಿನಲ್ಲಿದ್ದ ಅನೇಕ ಮನೆಗಳನ್ನು ಕೆಡವಿ ಬೇರೆಡೆ ಹೊಸ ಮನೆಗಳನ್ನು ಕಟ್ಟಿದರು. ಅಷ್ಟರಿಂದ ಮನೆಗಳ ಅಭಾವ ಇನ್ನೂ ಬಿಗಿಯಾಯಿತು.

ನಮ್ಮವರು ಅಲ್ಲಿ

ಲಾಂಗಿಯರ್‌ಬ್ಯೆನ್‌ಗೂ ಉತ್ತರದಲ್ಲಿ ನೀ-ಓಲೆಸುಂಡ್ ಎಂಬ ವಿಜ್ಞಾನಿಗಳ ನೆಲೆಯಿದೆ. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು ೧,೨೦೦ ಕಿಲೋಮೀಟರು. ೨೦೦೭ ರಲ್ಲಿ ಭಾರತದ ಮೊದಲ ಆರ್ಕ್‌ಟಿಕ್ ತಂಡವು ಅಲ್ಲಿಗೆ ಹೋಯಿತು. ೨೦೦೮ ರ ಜುಲೈ ೧ ರಂದು 'ಹಿಮಾದ್ರಿ' ಎಂಬ ನಮ್ಮ ಸಂಶೋಧನಾಲಯವು ತೆರೆಯಿತು. ಬಹುಕಾಲ ನಮ್ಮವರು ಅಲ್ಲಿ ಮುಖ್ಯವಾಗಿ ಬೇಸಗೆಯಲ್ಲಿ ಕೆಲಸ ಮಾಡುತ್ತಿದ್ದರು. ೨೦೨೩ ರ ಡಿಸೆಂಬರಿನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್‌ಟಿಕ್ ತಂಡ ಹೊರಟಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಭಾಗವಹಿಸಿತು. ಆ ಪ್ರದೇಶದ ರೇಡಿಯೊ ಪರಿಸರವು ಎಷ್ಟು ನಿಶ್ಶಬ್ದವಾಗಿದೆ, ವಿಶ್ವದ ಆದಿಕಾಲದ ಅತಿ ಕ್ಷೀಣ ಸಂಜ್ಞೆಗಳನ್ನು ಅಲ್ಲಿ ಆಲಿಸಬಹುದೆ ಎಂಬುದನ್ನು ಅಳೆದು ನೋಡುವುದು ಅದರ ಕೆಲಸ. ನೀ-ಓಲೆಸುಂಡಿನ ಸುತ್ತ ಇಪ್ಪತ್ತು ಕಿಲೋಮೀಟರಿನ ವರೆಗೆ, ಉಪಕರಣಗಳಿಗೆ ತೊಡಕಾಗದಂತೆ, ಕೆಲವು ರೇಡಿಯೊ ಆವರ್ತಗಳಲ್ಲಿ ಪ್ರಸಾರವನ್ನು ನಿಷೇಧಿಸಿದ್ದಾರೆ. ಅಲ್ಲಿಗೆ ಹೋದವರು ನಿಸ್ತಂತು ಸಂಪರ್ಕಗಳನ್ನು ಆರಿಸಿಡಬೇಕು.

ಸ್ವಾಲ್‌ಬಾರ್ಡಿನ ಮಂಜಿಗೂ ನಮಗೂ ಏನು ಸಂಬಂಧವೆಂದು ಭಾವಿಸುವುದು ಸರಿಯಲ್ಲ. ಆರ್ಕ್‌ಟಿಕ್ ಪ್ರದೇಶದ ಮಂಜು ಕಡಮೆಯಾದಂತೆ ವಾಯುಮಂಡಲದ ಚಲನೆಗಳು ಬದಲಾಗುತ್ತವೆ; ಅವುಗಳಿಗೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಪರಿಶೀಲಿಸುವುದು ಹಿಮಾದ್ರಿಯ ಉದ್ದೇಶಗಳಲ್ಲಿ ಒಂದು.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಮುಂದೆ ಅಲ್ಲಿಗೆ ಹೋಗಬಹುದು, ಒಂದು ಚಳಿಗಾಲವನ್ನು ಕಳೆಯಬಹುದು, ಕೆಲವು ವರ್ಷ ನೆಲಸಲೂಬಹುದು. ಅಂತಹವರು ಉಣ್ಣೆಯ ಬಟ್ಟೆಯೊಡನೆ ಒಂದು ತಿಳಿವಳಿಕೆಯನ್ನೂ ಒಯ್ಯಲಿ. ಕಂಬದ ಮೇಲಿನ ಮನೆ, ಬಾಗಿಲಲ್ಲಿ ಬಿಟ್ಟ ಪಾದರಕ್ಷೆ, ಬೆಳಗಿನ ದೀಪ, ಮೆಟ್ಟಿಲ ಮೇಲೆ ಸೂರ್ಯನಿಗಾಗಿ ಕಾಯುವ ಮಕ್ಕಳು, ಇವುಗಳಲ್ಲಿ ಒಂದೂ ಕಾರಣವಿಲ್ಲದೆ ಬಂದುದಲ್ಲ. ಕಾರಣಗಳನ್ನು ತಿಳಿದವನಿಗೆ ಆ ಊರು ಬೇಗನೆ ಪರಿಚಯವಾಗುತ್ತದೆ. ಉಳಿದುದನ್ನು ಸಲಿಕೆ ಹಿಡಿದು ಓಡಿಬರುವ ನೆರೆಹೊರೆಯವರು ಕಲಿಸಿಕೊಡುತ್ತಾರೆ.